ಹಬ್ಬಕ್ಕೆ ಕರಿಯದ ಮಿಕ್ಸ್‌ಚರ್: 4 ಚಮಚ ಎಣ್ಣೆಯಲ್ಲಿ 700 ಗ್ರಾಂ, ಮಲೆನಾಡಿನ ತೇವಕ್ಕೂ ಇದೆ ಉಪಾಯ

ಚಿಕ್ಕಮಗಳೂರು: ದೀಪಾವಳಿ ಹತ್ತಿರ ಬಂತು ಅಂದರೆ ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರು ಕಡೆಯ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಖಾರ, ಮಿಕ್ಸ್‌ಚರ್, ಚಕ್ಕುಲಿಗೆ ಬೇಡಿಕೆ ಏರುತ್ತದೆ. ಹಬ್ಬ ಮುಗಿಯುವ ಹೊತ್ತಿಗೆ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರು. ಡಿಸೆಂಬರ್ ಬಂದರೆ ಕ್ರಿಸ್‌ಮಸ್, ಹೊಸ ವರ್ಷದ ರಜೆ, ಹೋಂಸ್ಟೇಗಳಲ್ಲಿ ಪ್ರವಾಸಿಗರು. ಈ ಎರಡು ತಿಂಗಳು ಕಾಫಿ ಲೋಟದ ಪಕ್ಕ ಏನಾದರೂ ಕುರುಕಲು ಇರಲೇಬೇಕು.

ಆದರೆ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಇಲ್ಲದ ಮನೆ ಈಗ ಅಪರೂಪ. ಹಬ್ಬದ ಡಬ್ಬಿ ಮುಂದಿಟ್ಟು ‘ನೀವು ತಿನ್ನಬೇಡಿ’ ಎಂದರೆ ಹಿರಿಯರಿಗೂ ಬೇಸರ, ಹೇಳುವವರಿಗೂ ಬೇಸರ. ಹಾಗಂತ ಮಿಕ್ಸ್‌ಚರ್ ಬಿಟ್ಟೇ ಬಿಡಬೇಕಿಲ್ಲ. ಕರಿಯುವುದನ್ನು ನಿಲ್ಲಿಸಿ ಹುರಿಯುವುದು, ಎಣ್ಣೆ–ಉಪ್ಪನ್ನು ಅಳೆದು ಹಾಕುವುದು, ಇಷ್ಟು ಮಾಡಿದರೆ ಮನೆಯ ಮಿಕ್ಸ್‌ಚರ್ ಸಾಕಷ್ಟು ಹಗುರಾಗುತ್ತದೆ. ಅದನ್ನು ಹೇಗೆ ಮಾಡುವುದು, ಎಷ್ಟು ತಿನ್ನಬಹುದು, ಅಂಗಡಿಯವರು ಏನು ಗಮನಿಸಬೇಕು ಎಂಬ ವಿವರ ಇಲ್ಲಿದೆ.

ತೊಂದರೆ ಇರುವುದು ಎಲ್ಲಿ?

ಮಿಕ್ಸ್‌ಚರ್‌ಗೆ ಬೀಳುವ ಸಾಮಾನುಗಳಲ್ಲಿ ದೋಷವಿಲ್ಲ. ಅವಲಕ್ಕಿ, ಶೇಂಗಾ, ಹುರಿಗಡಲೆ, ಕರಿಬೇವು ಎಲ್ಲವೂ ದಿನಾ ತಿನ್ನುವ ಪದಾರ್ಥಗಳೇ. ತೊಂದರೆ ಮೂರು ಕಡೆ ಇದೆ.

ಮೊದಲನೆಯದು ಹೀರಿಕೊಳ್ಳುವ ಎಣ್ಣೆ. ಕಡಲೆಹಿಟ್ಟಿನ ಸೇವ್, ಬೂಂದಿ ಎಣ್ಣೆಯಲ್ಲಿ ಬೇಯುವಾಗ ಹಿಟ್ಟಿನ ನೀರು ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಕರಿದ ಸೇವ್‌ನ ತೂಕದಲ್ಲಿ ಮೂರನೇ ಒಂದು ಪಾಲು ಎಣ್ಣೆಯೇ ಇರುವುದು ಸಾಮಾನ್ಯ. ಪೇಪರ್ ಅವಲಕ್ಕಿಯನ್ನು ಕರಿದರೂ ಅಷ್ಟೇ, ತೆಳ್ಳಗಿರುವುದರಿಂದ ಬೇಗ ಹೀರುತ್ತದೆ.

ಎರಡನೆಯದು ಎಣ್ಣೆಯ ಗುಣ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಬಿಸಿ, ಗಾಳಿ, ಹಿಟ್ಟಿನ ನೀರಿನಂಶ ಮೂರೂ ಸೇರಿ ಅದನ್ನು ಒಡೆಯುತ್ತವೆ. ಹೀಗೆ ಹುಟ್ಟುವ ಕೆಟ್ಟ ಅಂಶಗಳನ್ನು ಒಟ್ಟಾಗಿ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ (ಟಿಪಿಸಿ) ಎನ್ನುತ್ತಾರೆ. ಟಿಪಿಸಿ ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರ ಜುಲೈ 1ರಿಂದಲೇ ನಿಯಮ ಮಾಡಿದೆ. ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಎಣ್ಣೆಯನ್ನು ಪದೇ ಪದೇ ಕಾಯಿಸಬೇಡಿ ಎಂದೇ ಹೇಳುತ್ತದೆ. ಹಬ್ಬದಲ್ಲಿ ಮನೆಯಲ್ಲೂ ಇದೇ ತಪ್ಪು ಆಗುತ್ತದೆ. ಬೆಳಿಗ್ಗೆ ಚಕ್ಕುಲಿ ಕರಿದ ಎಣ್ಣೆಗೆ ಮಧ್ಯಾಹ್ನ ಇನ್ನಷ್ಟು ಸುರಿದು ಸೇವ್, ಮರುದಿನ ಅದರಲ್ಲೇ ಹಪ್ಪಳ. ಹಳೆ ಎಣ್ಣೆಗೆ ಹೊಸತು ಸೇರಿಸಿದರೆ ಹಳೆಯದು ಹೊಸದಾಗುವುದಿಲ್ಲ, ಹೊಸದೂ ಬೇಗ ಕೆಡುತ್ತದೆ.

ಮೂರನೆಯದು ಉಪ್ಪು. ದಿನಕ್ಕೆ ಒಬ್ಬರಿಗೆ ಎಲ್ಲಾ ಅಡುಗೆ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಸುಮಾರು ಒಂದು ಟೀ ಚಮಚ. ಸಾರು, ಪಲ್ಯ, ಉಪ್ಪಿನಕಾಯಿಯಲ್ಲೇ ಅದು ಮುಗಿದುಹೋಗಿರುತ್ತದೆ. ಅದರ ಮೇಲೆ ಬೀಳುವುದೇ ಕುರುಕಲಿನ ಉಪ್ಪು.

ಸಾಮಾನು ಎಷ್ಟು ಬೇಕು?

ಇದು ಸುಮಾರು 700 ಗ್ರಾಂ ಮಿಕ್ಸ್‌ಚರ್ ಆಗುವ ಅಳತೆ. ಕೆಳಗೆ ಚಮಚ ಎಂದರೆ ಟೀ ಚಮಚ. ಎಣ್ಣೆಗೆ ಮಾತ್ರ ದೊಡ್ಡ ಚಮಚ (15 ಮಿ.ಲೀ.).

- ಪೇಪರ್ ಅವಲಕ್ಕಿ: 250 ಗ್ರಾಂ
- ಮಂಡಕ್ಕಿ: 100 ಗ್ರಾಂ
- ಶೇಂಗಾ: 150 ಗ್ರಾಂ
- ಹುರಿಗಡಲೆ: 100 ಗ್ರಾಂ
- ಒಣಕೊಬ್ಬರಿ: 30 ಗ್ರಾಂ, ತೆಳ್ಳಗೆ ಹೆಚ್ಚಿದ್ದು
- ಎಣ್ಣೆ: 4 ದೊಡ್ಡ ಚಮಚ
- ಪುಡಿ ಉಪ್ಪು: 8 ಗ್ರಾಂ, ತಲೆ ಸವರಿದ ಸುಮಾರು ಒಂದೂವರೆ ಚಮಚ
- ಕಾಳುಮೆಣಸಿನ ಪುಡಿ: ಒಂದೂವರೆ ಚಮಚ
- ಒಣಮೆಣಸಿನಕಾಯಿ: 4
- ಬೆಳ್ಳುಳ್ಳಿ: 10 ಎಸಳು, ಸಿಪ್ಪೆ ಸಮೇತ ಜಜ್ಜಿದ್ದು
- ಕರಿಬೇವು: ಎರಡು ಹಿಡಿ
- ಅರಿಶಿನ: ಅರ್ಧ ಚಮಚ
- ಸಾಸಿವೆ 1 ಚಮಚ, ಇಂಗು ಕಾಲು ಚಮಚ
- ಆಮ್‌ಚೂರ್ ಪುಡಿ: 1 ಚಮಚ. ಮನೆಯಲ್ಲಿ ಒಣಗಿಸಿದ ವಾಟೆಹುಳಿ ಇದ್ದರೆ ಅದರ ಪುಡಿಯೂ ಆಗುತ್ತದೆ.

ಕಾಳುಮೆಣಸು ಇಲ್ಲಿ ಸುಮ್ಮನೆ ಬಂದಿಲ್ಲ. ಕಾಫಿ ತೋಟದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಈ ಕಡೆಯ ಬಹಳಷ್ಟು ಮನೆಗಳಲ್ಲಿ ಇದ್ದೇ ಇರುತ್ತದೆ. ಮೆಣಸಿನ ಘಾಟು, ಹುಳಿ, ಬೆಳ್ಳುಳ್ಳಿ ಇದ್ದರೆ ನಾಲಿಗೆ ಉಪ್ಪು ಕಡಿಮೆಯಾಯಿತು ಎಂದು ಗೊಣಗುವುದಿಲ್ಲ. ಬಣ್ಣಕ್ಕೆ ಅರಿಶಿನವೇ ಸಾಕು, ಅಂಗಡಿಯ ಬಣ್ಣದ ಪುಡಿ ಬೇಡ.

ಶೇಂಗಾ ಕೊಳ್ಳುವಾಗ ಎಚ್ಚರ ಇರಲಿ. ಮುದುಡಿದ, ಕಪ್ಪಾದ, ಬೂಸ್ಟು ಹಿಡಿದ ಬೀಜಗಳನ್ನು ಆರಿಸಿ ಎಸೆಯಿರಿ. ತೇವದಲ್ಲಿ ಇಟ್ಟ ಶೇಂಗಾದಲ್ಲಿ ಬೆಳೆಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕೊಬ್ಬರಿ ಕಮಟು ವಾಸನೆ ಬಂದಿದ್ದರೆ ಅದೂ ಬೇಡ. ಒಂದು ಹೋಳು ಇಡೀ ಡಬ್ಬಿಯ ರುಚಿ ಕೆಡಿಸುತ್ತದೆ.

ಎಣ್ಣೆ ಯಾವುದು ಎಂಬ ಪ್ರಶ್ನೆ ಸಹಜ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎರಡೂ ಆಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು ಇರುವುದರಿಂದ ಕೊಲೆಸ್ಟ್ರಾಲ್ ಇರುವವರ ಮನೆಯಲ್ಲಿ ಬೇಡ. ವನಸ್ಪತಿ ಯಾರಿಗೂ ಬೇಡ.

ಮಾಡುವ ವಿಧಾನ

1. ಅವಲಕ್ಕಿಯನ್ನು ಜರಡಿ ಹಿಡಿದು ಪುಡಿ ತೆಗೆಯಿರಿ. ಪುಡಿ ಉಳಿದರೆ ಅದೇ ಮೊದಲು ಸೀಯುತ್ತದೆ, ಒಗ್ಗರಣೆಯ ಎಣ್ಣೆಯನ್ನೂ ಅದೇ ಕುಡಿಯುತ್ತದೆ.

2. ದಪ್ಪ ತಳದ ದೊಡ್ಡ ಬಾಣಲೆಯಲ್ಲಿ ಎಣ್ಣೆ ಹಾಕದೆ ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಎರಡು ಸಲ ಮಾಡಿ, ಒಟ್ಟಿಗೆ ಸುರಿಯಬೇಡಿ. ಸಲಕ್ಕೆ 6ರಿಂದ 8 ನಿಮಿಷ ಬೇಕು. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಬಣ್ಣ ಕೆಂಪಾಗಬಾರದು. ಮಂಡಕ್ಕಿಯನ್ನೂ ಇದೇ ರೀತಿ 4–5 ನಿಮಿಷ ಬಿಸಿ ಮಾಡಿ ತೆಗೆದಿಡಿ.

3. ಶೇಂಗಾವನ್ನು ಸಣ್ಣ ಉರಿಯಲ್ಲಿ 10–12 ನಿಮಿಷ ಹುರಿಯಿರಿ. ಸಿಪ್ಪೆ ಬಿಡುವಂತಾದರೆ ಆಯಿತು. ಕೊಬ್ಬರಿ ಹೋಳು ತಿಳಿ ಕಂದು ಆಗುವವರೆಗೆ, ಹುರಿಗಡಲೆ ಎರಡು ನಿಮಿಷ.

4. ಕರಿಬೇವನ್ನು ಹಿಂದಿನ ರಾತ್ರಿಯೇ ತೊಳೆದು ಬಟ್ಟೆಯ ಮೇಲೆ ಹರಡಿ ಆರಿಸಿಡಿ. ಒದ್ದೆ ಎಲೆ ಹಾಕಿದರೆ ಎಣ್ಣೆ ಸಿಡಿಯುತ್ತದೆ, ಮಿಕ್ಸ್‌ಚರ್ ಮೆತ್ತಗಾಗುತ್ತದೆ.

5. ಬಾಣಲೆಯಲ್ಲಿ 4 ದೊಡ್ಡ ಚಮಚ ಎಣ್ಣೆ ಬಿಸಿ ಮಾಡಿ. ಸಾಸಿವೆ ಸಿಡಿದ ಮೇಲೆ ಬೆಳ್ಳುಳ್ಳಿ ಹಾಕಿ, ಪೂರ್ತಿ ಗರಿಗರಿ ಆಗುವ ತನಕ ಬಿಡಿ. ನಂತರ ಮುರಿದ ಒಣಮೆಣಸಿನಕಾಯಿ, ಕರಿಬೇವು, ಇಂಗು. ಉರಿ ಆರಿಸಿ ಅರಿಶಿನ ಹಾಕಿ.

6. ಹುರಿದಿಟ್ಟ ಎಲ್ಲವನ್ನೂ ಸೇರಿಸಿ ಎರಡು ಸೌಟಿನಿಂದ ಕೆಳಗೆ ಮೇಲೆ ಮಾಡಿ. ಮತ್ತೆ ಸಣ್ಣ ಉರಿಯಲ್ಲಿ 3–4 ನಿಮಿಷ ಕೈಯಾಡಿಸಿ ಇಳಿಸಿ.

7. ಬಿಸಿ ಇರುವಾಗಲೇ ಉಪ್ಪು, ಕಾಳುಮೆಣಸಿನ ಪುಡಿ, ಆಮ್‌ಚೂರ್ ಉದುರಿಸಿ ಬೆರೆಸಿ. ಉಪ್ಪು ಕೊನೆಗೆ ಬಿದ್ದರೆ ಮೇಲ್ಮೈಯಲ್ಲೇ ಅಂಟಿಕೊಂಡು ನಾಲಿಗೆಗೆ ಮೊದಲು ಸಿಗುತ್ತದೆ. ಹಾಗಾಗಿ ಕಡಿಮೆ ಉಪ್ಪಿನಲ್ಲೇ ರುಚಿ ಬರುತ್ತದೆ. ಕಲ್ಲುಪ್ಪು ಇದ್ದರೆ ನುಣ್ಣಗೆ ಪುಡಿ ಮಾಡಿ.

ಸೇವ್ ಇಲ್ಲದೆ ಮಿಕ್ಸ್‌ಚರ್ ಅನಿಸುವುದೇ ಇಲ್ಲ ಎನ್ನುವವರು 50 ಗ್ರಾಂ ಓಂಪುಡಿ ಸೇರಿಸಿಕೊಳ್ಳಬಹುದು. ಅಷ್ಟಕ್ಕೆ ಇಡೀ ಲೆಕ್ಕ ತಪ್ಪುವುದಿಲ್ಲ. ಮಂಡಕ್ಕಿಯ ಬದಲು ಜೋಳದ ಅರಳೂ ಚೆನ್ನಾಗಿರುತ್ತದೆ. ಒಣದ್ರಾಕ್ಷಿ ಬೇಕಿದ್ದರೆ ತಟ್ಟೆಗೆ ಹಾಕುವಾಗ ಸೇರಿಸಿ. ಡಬ್ಬಿಯಲ್ಲಿ ಬೆರೆಸಿಟ್ಟರೆ ಅದರ ತೇವ ಅವಲಕ್ಕಿಗೆ ಹೋಗುತ್ತದೆ.

ಮಲೆನಾಡಿನ ತೇವಕ್ಕೆ ಏನು ಮಾಡುವುದು?

ಬಯಲುಸೀಮೆಯ ಅಡುಗೆ ವಿಡಿಯೋಗಳಲ್ಲಿ ‘ಅವಲಕ್ಕಿಯನ್ನು ಎರಡು ಗಂಟೆ ಬಿಸಿಲಿಗಿಡಿ’ ಎನ್ನುತ್ತಾರೆ. ಕಡೂರು, ಅಜ್ಜಂಪುರದಲ್ಲಿ ಅದು ನಡೆಯುತ್ತದೆ. ಕಳಸ, ಕೊಟ್ಟಿಗೆಹಾರ, ಬಣಕಲ್ ಕಡೆ ದೀಪಾವಳಿ ಹೊತ್ತಿಗೂ ಮೋಡ, ಮಂಜು, ಆಗಾಗ ಮಳೆ. ಬಿಸಿಲು ನಂಬಿ ಕೂತರೆ ಅವಲಕ್ಕಿ ಇನ್ನಷ್ಟು ಮೆತ್ತಗಾಗುತ್ತದೆ. ಕರಿದ ತಿಂಡಿಗೆ ಹೋಲಿಸಿದರೆ ಹುರಿದ ಮಿಕ್ಸ್‌ಚರ್‌ನಲ್ಲಿ ಎಣ್ಣೆಯ ಪದರ ತೆಳು, ಹಾಗಾಗಿ ಗಾಳಿಯ ತೇವವನ್ನು ಬೇಗ ಎಳೆಯುತ್ತದೆ. ಈ ಕಡೆಯ ಮನೆಗಳಲ್ಲಿ ಹುರಿದ ಚೂಡಾ ‘ಎರಡೇ ದಿನಕ್ಕೆ ಮೆತ್ತಗಾಯಿತು’ ಎಂಬ ದೂರು ಬರುವುದು ಇದಕ್ಕೇ.

ಉಪಾಯಗಳು ಇವು:

- ಬಿಸಿಲಿನ ಬದಲು ಬಾಣಲೆಯ ಸಣ್ಣ ಉರಿಯನ್ನೇ ನಂಬಿ. ಹುರಿಯುವ ಹೊತ್ತನ್ನು 2–3 ನಿಮಿಷ ಹೆಚ್ಚಿಸಿ, ಉರಿಯನ್ನು ಹೆಚ್ಚಿಸಬೇಡಿ.
- ಮಳೆ ಹನಿಯುವ ದಿನ ಮಾಡುವುದಾದರೆ ಅಡುಗೆಮನೆಯಲ್ಲಿ ಅನ್ನ, ಸಾರು ಕುದಿಯುವಾಗ ಬೇಡ. ಆ ಆವಿಯೂ ಸೇರಿಕೊಳ್ಳುತ್ತದೆ.
- ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಹಾಗೆಂದು ರಾತ್ರಿಯಿಡೀ ತೆರೆದಿಟ್ಟರೆ ಮಂಜಿನ ತೇವ ಹಿಡಿಯುತ್ತದೆ. ಅರ್ಧದಿಂದ ಒಂದು ಗಂಟೆ ಸಾಕು.
- ಒಂದು ದೊಡ್ಡ ಡಬ್ಬಿ ಬೇಡ. ಮುಚ್ಚಳ ಬಿಗಿ ಇರುವ ಮೂರು ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ, ಒಂದು ಖಾಲಿಯಾದ ಮೇಲೆ ಇನ್ನೊಂದು ತೆರೆಯಿರಿ. ಒದ್ದೆ ಕೈ ಹಾಕಬೇಡಿ.
- ಮೆತ್ತಗಾದರೆ ಎಸೆಯಬೇಕಿಲ್ಲ. ಬರೀ ಬಾಣಲೆಯಲ್ಲಿ 5 ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿ. ಕಮಟು ವಾಸನೆ ಬಂದರೆ ಮಾತ್ರ ತಿನ್ನಬೇಡಿ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಮಾಡಿದರೆ ಸಾಕು. ಎರಡು ವಾರದೊಳಗೆ ಮುಗಿಸುವ ಹಾಗೆ ಅಳತೆ ಇರಲಿ.

ಒಂದು ಹಿಡಿಯಲ್ಲಿ ಏನಿದೆ?

ಮೇಲಿನ ಅಳತೆಯಲ್ಲಿ ಸುಮಾರು 23 ಪಾಲು ಆಗುತ್ತದೆ, ಪಾಲಿಗೆ 30 ಗ್ರಾಂ. ಒಂದು ಪಾಲಿನಲ್ಲಿ ನಾವು ಹಾಕಿದ ಎಣ್ಣೆ ಎರಡೂವರೆ ಗ್ರಾಂಗಿಂತ ಕಡಿಮೆ, ಅಂದರೆ ಅರ್ಧ ಟೀ ಚಮಚದಷ್ಟು. ಉಪ್ಪು ಸುಮಾರು 0.35 ಗ್ರಾಂ. ಪ್ರೋಟೀನ್ ಮೂರು ಗ್ರಾಂಗೂ ಹೆಚ್ಚು, ಅದರ ಬಹುಪಾಲು ಶೇಂಗಾ, ಹುರಿಗಡಲೆಯಿಂದ. ಕ್ಯಾಲೊರಿ 130–140.

ಶೇಂಗಾ, ಕೊಬ್ಬರಿಯ ಕೊಬ್ಬೂ ಸೇರಿದರೆ 100 ಗ್ರಾಂಗೆ ಒಟ್ಟು ಕೊಬ್ಬು ಸುಮಾರು 22 ಗ್ರಾಂ ಆಗುತ್ತದೆ. ಅಂಗಡಿಯ ಅನೇಕ ಕರಿದ ಮಿಕ್ಸ್‌ಚರ್ ಪ್ಯಾಕೆಟ್‌ಗಳ ಮೇಲೆ ಇದು 30ರಿಂದ 40 ಗ್ರಾಂ ಎಂದು ಇರುತ್ತದೆ.

ಕೊಬ್ಬು ಗಣನೀಯವಾಗಿ ಇಳಿದರೂ ಕ್ಯಾಲೊರಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹುರಿದ ಮಿಕ್ಸ್‌ಚರ್‌ನಲ್ಲೂ 100 ಗ್ರಾಂಗೆ ಸುಮಾರು 450 ಕ್ಯಾಲೊರಿ ಇದೆ. ‘ಮನೆಯದ್ದು, ಕರಿದಿಲ್ಲ’ ಅಂತ ಟಿ.ವಿ. ಮುಂದೆ ಡಬ್ಬಿ ಇಟ್ಟುಕೊಂಡು ಕೂತರೆ ಉಳಿಸಿದ ಎಣ್ಣೆಯೆಲ್ಲ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಡಬ್ಬಿ ಅಡುಗೆಮನೆಯಲ್ಲಿರಲಿ, ಹಾಲ್‌ಗೆ ಸಣ್ಣ ಬಟ್ಟಲು ಬರಲಿ.

ಯಾರು ಏನು ಗಮನಿಸಬೇಕು?

ಶುಗರ್ ಇರುವವರು: ಅವಲಕ್ಕಿ, ಮಂಡಕ್ಕಿ ಎರಡೂ ಅಕ್ಕಿಯೇ. ಸಕ್ಕರೆ ಹಾಕದಿದ್ದರೂ ರಕ್ತದ ಸಕ್ಕರೆ ಏರುತ್ತದೆ. ಇವರಿಗಾಗಿ ಮಂಡಕ್ಕಿ ಬಿಟ್ಟು, ಅವಲಕ್ಕಿ ಅರ್ಧ ಮಾಡಿ, ಶೇಂಗಾ–ಹುರಿಗಡಲೆ ಹೆಚ್ಚಿಸಿದ ಬೇರೆ ಡಬ್ಬಿ ಮಾಡಬಹುದು. ಆಗಲೂ ಒಂದು ಹಿಡಿ ಮಾತ್ರ.

ಬಿ.ಪಿ. ಇರುವವರು: ಸೈಂಧವ ಲವಣ, ಕಪ್ಪುಪ್ಪು ಹಾಕಿದರೆ ಪರವಾಗಿಲ್ಲ ಎಂಬ ನಂಬಿಕೆ ತಪ್ಪು. ಅವುಗಳಲ್ಲೂ ಸೋಡಿಯಂ ಹೆಚ್ಚೇ ಇದೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಮತ್ತು ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಬಳಸಬೇಡಿ.

ಚಿಕ್ಕ ಮಕ್ಕಳು: 5 ವರ್ಷದೊಳಗಿನವರಿಗೆ ಇಡೀ ಶೇಂಗಾ, ಹುರಿಗಡಲೆ ಕೊಡಬಾರದು. ನಗುತ್ತಾ, ಓಡುತ್ತಾ ತಿನ್ನುವಾಗ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು. ಹಬ್ಬದ ದಿನ ಮನೆ ತುಂಬ ಜನ ಇರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಬೀಜ ತೆಗೆದ ಮಂಡಕ್ಕಿಯನ್ನೇ ಬೇರೆ ಬಟ್ಟಲಲ್ಲಿ ಕೊಡಿ, ಕೂತು ತಿನ್ನುವಂತೆ ನೋಡಿಕೊಳ್ಳಿ.

ಹೋಂಸ್ಟೇಯವರು: ಅತಿಥಿಗಳಿಗೆ ಶೇಂಗಾ ಅಲರ್ಜಿ ಇದೆಯೇ ಎಂದು ಕೇಳಿಯೇ ಬಡಿಸಿ.

ಪ್ಯಾಕೆಟ್ ತರುವುದಾದರೆ ಹೀಗೆ ಓದಿ

ಎಲ್ಲರಿಗೂ ಮನೆಯಲ್ಲಿ ಮಾಡಲು ಪುರುಸೊತ್ತು ಇರುವುದಿಲ್ಲ. ಪ್ಯಾಕೆಟ್ ಕೊಳ್ಳುವಾಗ ಮುಂಭಾಗದ ‘ರೋಸ್ಟೆಡ್’, ‘ಮಲ್ಟಿಗ್ರೇನ್’ ನೋಡಿ ಮರುಳಾಗಬೇಡಿ, ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಎರಡನೇ ಹೆಸರೇ ಎಣ್ಣೆಯಾಗಿದ್ದರೆ ಅರ್ಥ ಮಾಡಿಕೊಳ್ಳಿ. ಪಾಮೊಲಿನ್ ಎಂದಿದ್ದರೆ ಅದು ತಾಳೆ ಎಣ್ಣೆ. ಸೂರ್ಯಕಾಂತಿ ಎಣ್ಣೆಗಿಂತ ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಬಹಳ ಹೆಚ್ಚು.

ಉಪ್ಪನ್ನು ‘ಸೋಡಿಯಂ’ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿ.ಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಮೇಲಿನ ಮನೆ ಅಳತೆಯಲ್ಲಿ 100 ಗ್ರಾಂಗೆ ಸೋಡಿಯಂ ಸುಮಾರು 450 ಮಿ.ಗ್ರಾಂ.

ಅಂಗಡಿ, ಬೇಕರಿಯವರಿಗೆ

ಎಣ್ಣೆ ಕಪ್ಪಾಗುವುದು, ಅಂಟಂಟಾಗುವುದು, ನೊರೆ ಇಳಿಯದಿರುವುದು, ಮೊದಲಿಗಿಂತ ಬೇಗ ಹೊಗೆ ಬರುವುದು, ಇವೆಲ್ಲ ಎಣ್ಣೆ ಬದಲಿಸಬೇಕು ಎಂಬುದರ ಗುರುತು. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಎಣ್ಣೆ ಬಳಕೆ ಮತ್ತು ವಿಲೇವಾರಿಯ ದಾಖಲೆ ಇಡಬೇಕು ಎಂಬ ನಿಯಮ 2019ರ ಮಾರ್ಚ್ 1ರಿಂದ ಇದೆ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಸಂಗ್ರಹಿಸುವ ‘ರೂಕೊ’ ಯೋಜನೆಯನ್ನೂ ಎಫ್‌ಎಸ್‌ಎಸ್‌ಎಐ ನಡೆಸುತ್ತಿದೆ. ಹಳೆ ಎಣ್ಣೆಯನ್ನು ಕಡಿಮೆ ಬೆಲೆಗೆ ಸಣ್ಣ ಗಾಡಿಯವರಿಗೆ ದಾಟಿಸುವುದು ಅಪಾಯವನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿದಂತೆ.

ಮಿಕ್ಸ್‌ಚರ್, ಬಜ್ಜಿಯನ್ನು ಪತ್ರಿಕೆ ಹಾಳೆಯಲ್ಲಿ ಕಟ್ಟಿಕೊಡುವುದಕ್ಕೂ ನಿಷೇಧ ಇದೆ. ಮುದ್ರಣದ ಶಾಯಿ ಎಣ್ಣೆಗೆ ಅಂಟಿಕೊಳ್ಳುತ್ತದೆ. ಬರೆಯದ ಬ್ರೌನ್ ಕವರ್ ಇದ್ದರೆ ಸಾಕು.

ಮನೆಯಲ್ಲಿ ಮಾಡಿ ಮಾರುವ ಮಹಿಳೆಯರು, ಸ್ವಸಹಾಯ ಸಂಘದವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ‘ಫೋಸ್ಕಾಸ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಸಸ್ಯಾಹಾರದ ಹಸಿರು ಗುರುತು, ‘ಶೇಂಗಾ ಇದೆ’ ಎಂಬ ಸೂಚನೆ ಲೇಬಲ್‌ನಲ್ಲಿ ಇರಲಿ. ಮಲೆನಾಡಿನ ತೇವಕ್ಕೆ ತೆಳು ಪ್ಲಾಸ್ಟಿಕ್ ಕವರ್ ನಿಲ್ಲುವುದಿಲ್ಲ. ದಪ್ಪ ಕವರ್ ಬಳಸಿ ಸರಿಯಾಗಿ ಸೀಲ್ ಮಾಡಬೇಕು.

ಕಿರಾಣಿ ಅಂಗಡಿಯವರಿಗೆ ಇದರಲ್ಲೊಂದು ಹಬ್ಬದ ವ್ಯಾಪಾರವೂ ಇದೆ. ಅವಲಕ್ಕಿ, ಮಂಡಕ್ಕಿ, ಶೇಂಗಾ, ಹುರಿಗಡಲೆ, ಕೊಬ್ಬರಿಯನ್ನು ಮೇಲಿನ ಅಳತೆಯಲ್ಲೇ ತೂಗಿ ಒಂದೇ ಚೀಲಕ್ಕೆ ಹಾಕಿ, ಜೊತೆಗೆ ಎಣ್ಣೆ–ಉಪ್ಪಿನ ಅಳತೆ ಬರೆದ ಚೀಟಿ ಇಟ್ಟರೆ ಗಿರಾಕಿಗೆ ಲೆಕ್ಕ ಹಾಕುವ ಕೆಲಸ ಉಳಿಯುತ್ತದೆ. ಮನೆಗೆ ಹೋಗಿ ಒಂದು ಗಂಟೆ ಒಲೆ ಮುಂದೆ ನಿಂತರೆ ಹಬ್ಬದ ಡಬ್ಬಿ ಸಿದ್ಧ.